ವಿಮಲಮ್ಮನ ಸಕ್ಕರೆ ಪತ್ತೇದಾರಿ

ಸಾರಕ್ಕಿಯ ವಿಮಲಮ್ಮ ಯಾವುದನ್ನೂ ಬುಡ ಹುಡುಕದೆ ಬಿಡುವವಳಲ್ಲ. ಬಾಡಿಗೆಗೆ ಕೊಟ್ಟ ಮನೆಯ ನಲ್ಲಿ ತೊಟ್ಟಿಕ್ಕಿದರೆ ಪ್ಲಂಬರ್ ಬರುವ ಮೊದಲೇ ತಾನೇ ಸ್ಪ್ಯಾನರ್ ಹಿಡಿದು ಕೂರುತ್ತಾಳೆ. ಅಂಥವಳಿಗೂ ನಾಲ್ಕು ವರ್ಷದಿಂದ ಬುಡ ಸಿಗದ ಸಂಗತಿಯೆಂದರೆ ಗಂಡ ಚಲುವರಾಜುವಿನ ಶುಗರ್.

ಕಾಯಿಲೆ ಗೊತ್ತಾದ ದಿನವೇ ಆಕೆ ಸಿಹಿಯನ್ನು ಮನೆಯಿಂದ ಗಡೀಪಾರು ಮಾಡಿದ್ದಳು. ಕಾಫಿಗೆ ಸಕ್ಕರೆ ಇಲ್ಲ, ಬೆಲ್ಲದ ಡಬ್ಬ ಸೊಸೆ ಚೈತ್ರಳ ಬೀರುವಿನಲ್ಲಿ. ಯುಗಾದಿಗೆ ಒಬ್ಬಟ್ಟು ಮಾಡಿ ನೆಂಟರಿಗೆಲ್ಲ ಹಂಚುತ್ತಾಳೆ, ಒಬ್ಬಟ್ಟೆಂದರೆ ಪ್ರಾಣ ಬಿಡುವ ಗಂಡನ ಎಲೆಗೆ ಮಾತ್ರ ಬಡಿಸುವುದಿಲ್ಲ. ಅನ್ನವೂ ಬಂದ್. ಎರಡು ಹೊತ್ತೂ ಮುದ್ದೆ, ಅದೂ ಒಂದಲ್ಲ, ಎರಡು ದಪ್ಪ ಮುದ್ದೆ. ರಾಗಿ ತಿಂದವ ನಿರೋಗಿ ಎಂದು ಹಿರಿಯರು ಸುಮ್ಮನೆ ಹೇಳಿದ್ದಾರೆಯೇ? ಊರ ಸುತ್ತ ಹೊಲವಿದ್ದ ಕಾಲದಿಂದಲೂ ಆ ಮನೆಯಲ್ಲಿ ಮುದ್ದೆಯ ಮೇಲೆ ಅನುಮಾನ ಪಟ್ಟವರಿಲ್ಲ.

ಇಷ್ಟಾದರೂ ಶುಗರ್ ಇಳಿಯಲಿಲ್ಲ. ಮುಂದಿನ ಟೆಸ್ಟಿನಲ್ಲೂ ಹೀಗೇ ಇದ್ದರೆ ಇನ್ಸುಲಿನ್ ಎಂದು ಡಾಕ್ಟರು ಹೇಳಿಬಿಟ್ಟರು. ಚಲುವರಾಜುಗೆ ಸೂಜಿಯೆಂದರೆ ಕೈಕಾಲು ತಣ್ಣಗಾಗುತ್ತದೆ. ಮನೆಗೆ ಬಂದವಳೇ ವಿಮಲಮ್ಮ ಸೊಸೆಯ ಎದುರೇ ವಿಚಾರಣೆಗೆ ನಿಂತಳು.

"ಎಲ್ಲಿ ಕದ್ದು ತಿಂತಿದೀರ?"

"ನಾನೆಲ್ಲೂ ತಿಂದಿಲ್ಲ ಕಣೆ."

"ಕಳ್ಳ ಯಾವತ್ತಾದ್ರೂ ಒಪ್ಕೊಂಡಿದಾನಾ?"

ಆತ ಮುಖ ಸಣ್ಣದು ಮಾಡಿಕೊಂಡು ಎದ್ದುಹೋದ.

ಮಾರನೆಯ ಬೆಳಗ್ಗೆ ಕೆರೆಯ ಕಡೆ ವಾಕಿಂಗ್ ಹೊರಟ ಗಂಡನ ಹಿಂದೆ, ಐವತ್ತು ಹೆಜ್ಜೆ ದೂರದಲ್ಲಿ, ಸೆರಗು ಹೊದ್ದು ಈಕೆಯೂ ನಡೆದಳು. ಆತ ಎರಡು ಸುತ್ತು ಹಾಕಿದ, ಬೆಂಚಿನ ಮೇಲೆ ಕೂತು ಹಕ್ಕಿ ನೋಡಿದ, ವಾಪಸು ಬರುವಾಗ ಜಂಕ್ಷನ್ನಿನ ಸ್ವೀಟ್ ಅಂಗಡಿಯ ಮುಂದೆ ನಿಂತ. ವಿಮಲಮ್ಮ ಉಸಿರು ಬಿಗಿಹಿಡಿದಳು. ಆತ ಗಾಜಿನೊಳಗಿನ ಮೈಸೂರುಪಾಕನ್ನು ದೇವರ ದರ್ಶನ ಮಾಡುವಂತೆ ನೋಡಿ, ಸಿಗ್ನಲ್ ದಾಟಿ ಮನೆಗೆ ಬಂದ. ಅಂಗಿಯ ಜೇಬು ತಡಕಿದರೆ ಹಳೇ ಬಸ್ ಟಿಕೆಟ್ ಒಂದೇ. ಹಾಗಾದರೆ ಸಕ್ಕರೆ ಬರುತ್ತಿರುವುದು ಎಲ್ಲಿಂದ?

ಚೈತ್ರ ಶುಗರ್ ನೋಡುವ ಮಿಷಿನ್ ತಂದುಕೊಟ್ಟಳು. "ಊಟಕ್ಕೆ ಮುಂಚೆ ಒಂದ್ಸಲ, ಎರಡು ಗಂಟೆ ಬಿಟ್ಟು ಒಂದ್ಸಲ ನೋಡಿ ಅತ್ತೆ."

ಕಣ್ಣು ಮುಚ್ಚಿಕೊಂಡ ಗಂಡನ ಬೆರಳು ಹಿಡಿದು ಚುಚ್ಚಿದಳು. ನೂರಾ ನಲವತ್ತು. ಎರಡು ಮುದ್ದೆ, ಸೊಪ್ಪಿನ ಸಾರು ಬಡಿಸಿದಳು. ಆಮೇಲೆ ಆತನನ್ನು ಕಣ್ಣೆದುರಿನಿಂದ ಏಳಗೊಡಲಿಲ್ಲ. ಬಚ್ಚಲಿಗೆ ಹೋದರೆ ಬಾಗಿಲಲ್ಲಿ ಕಾದಳು. ಎರಡು ಗಂಟೆ ಕಳೆದು ನೋಡಿದರೆ ಇನ್ನೂರ ಎಂಬತ್ತು.

ಮಿಷಿನ್ ಕೆಟ್ಟಿದೆ ಎಂದು ತನ್ನ ಬೆರಳನ್ನೇ ಚುಚ್ಚಿಕೊಂಡಳು. ಸರಿಯಾಗೇ ತೋರಿಸಿತು. ಮಾರನೆಯ ದಿನ ಒಂದೇ ಮುದ್ದೆ, ಅದೂ ಮೊದಲಿನ ಅರ್ಧ ಗಾತ್ರದ್ದು, ಜೊತೆಗೆ ಕಾಳು ಪಲ್ಯ ಧಾರಾಳ. ನೂರಾ ಎಂಬತ್ತು. ಮೂರು ದಿನ ನೋಡಿದರೂ ಹಾಗೇ. ಫೋನ್ ಮಾಡಿ ಡಾಕ್ಟರನ್ನೇ ಕೇಳಿದಳು. ರಾಗಿ ಒಳ್ಳೆಯದೇ, ಆದರೆ ಅದರಲ್ಲೂ ಇರುವುದು ಪಿಷ್ಟ, ರಾಶಿ ತಿಂದರೆ ಏರುತ್ತದೆ ಎಂದರು ಅವರು. ಮಾತ್ರೆ ತಪ್ಪಿಸದೆ, ಹಬ್ಬದ ದಿನ ಆ ಹೊತ್ತಿನ ಅನ್ನ ಮುದ್ದೆ ಬಿಟ್ಟು ಅರ್ಧ ಒಬ್ಬಟ್ಟು ಕೊಟ್ಟರೆ ತೊಂದರೆಯಿಲ್ಲವಂತೆ. ವಿಮಲಮ್ಮ ಫೋನ್ ಇಟ್ಟು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು.

ಯುಗಾದಿಯ ದಿನ ಚಲುವರಾಜುವಿನ ಎಲೆಯ ತುಂಬ ಕೋಸಂಬರಿ, ಹುರುಳಿಕಾಯಿ ಪಲ್ಯ. ನಡುವೆ ಅರ್ಧ ಒಬ್ಬಟ್ಟು, ಮೇಲೊಂದು ಚಮಚ ತುಪ್ಪ. ಆತ ನಂಬದೆ ಹೆಂಡತಿಯ ಮುಖ ನೋಡಿದ.

"ತಿನ್ನಿ. ನೀವೇನೂ ಕದ್ದಿರ್ಲಿಲ್ಲ, ನಾನೇ ಕೈಯಾರೆ ಬಡಿಸ್ತಿದ್ದೆ. ಮಿಷಿನ್ ತೋರಿಸ್ಕೊಡ್ತು," ಎಂದಳು, ಚೈತ್ರಳಿಗೂ ಕೇಳುವಂತೆ.

ಚಲುವರಾಜು ಒಬ್ಬಟ್ಟನ್ನು ಮುಟ್ಟಲಿಲ್ಲ.

"ನಲವತ್ತು ವರ್ಷ ಸಂಸಾರ ಮಾಡಿದೀವಿ," ಎಂದ. "ನಾನು ತಿಂದಿಲ್ಲ ಅನ್ನೋದನ್ನ ನಿಂಗೆ ಆ ಮಿಷಿನ್ ಹೇಳ್ಬೇಕಾಯ್ತಾ?"

ವಿಮಲಮ್ಮ ಸೌಟು ಕೆಳಗಿಟ್ಟು ಗಂಡನ ಪಕ್ಕ ಕೂತಳು.

"ತಪ್ಪಾಯ್ತು," ಎಂದಳು. ಮದುವೆಯಾದಾಗಿನಿಂದ ಆ ಮಾತು ಆಕೆಯ ಬಾಯಿಂದ ಬಂದದ್ದು ಅದೇ ಮೊದಲು. ಆಮೇಲೆ ಚಲುವರಾಜು ಒಬ್ಬಟ್ಟಿನ ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡ.