ಪಾತಾಳಯ್ಯನ ಹತ್ತು ಮಾರು

ಆ ಊರಿನಲ್ಲಿ ಬಾವಿ ತೋಡುವವನನ್ನು ಎಲ್ಲರೂ ಪಾತಾಳಯ್ಯ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಯಾವುದೋ ಬಾವಿಗೆ ಬಿದ್ದು ಕಾಣೆಯಾಗಿತ್ತು. ಗುಡ್ಡದ ಬುಡದ ಮೂವತ್ತೊಂದು ಬಾವಿಗಳನ್ನೂ ತೋಡಿದವನು ಅವನೇ. ಕೆಲಸವೆಲ್ಲ ನೆಲದಡಿಯಲ್ಲಿ, ಮಾತೆಲ್ಲ ಮುಗಿಲಿನಲ್ಲಿ. ಆಳು ಮಾತ್ರ ಕುಳ್ಳ. ಈ ಸಂಗತಿ ಊರಿಗೆಲ್ಲ ಗೊತ್ತಿದ್ದರೂ ಯಾರೂ ಬಾಯಿಬಿಡುತ್ತಿರಲಿಲ್ಲ. ಬಿಟ್ಟವರ ಮನೆಯ ಬಾವಿ ಕೆಲಸ ಅರ್ಧಕ್ಕೇ ನಿಲ್ಲುತ್ತಿತ್ತು.

ಟೇಪು, ಅಡಿಕೋಲು ಅವನ ಬಳಿ ಸುಳಿಯುವಂತಿರಲಿಲ್ಲ. ಎರಡೂ ಕೈ ಚಾಚಿ ಹಗ್ಗ ಹಿಡಿದರೆ ಒಂದು ಮಾರು, ಅಷ್ಟೇ ಲೆಕ್ಕ. ಕಡುಬೇಸಿಗೆಯಲ್ಲೂ ಆ ಬಾವಿಗಳಲ್ಲಿ ನೀರು ನಿಲ್ಲುವುದು ಹತ್ತು ಮಾರಿಗೆ. ಇದನ್ನು ಅವನು ನಲವತ್ತು ವರ್ಷದಿಂದ ಮೀಸೆ ತಿರುವಿಕೊಂಡು ಹೇಳುತ್ತಿದ್ದ.

ಹೀಗಿರುವಾಗ ಗುಡ್ಡದಲ್ಲಿ ಅದಿರಿದೆ ಎಂದು ಗಣಿ ಕಂಪನಿ ಬಂತು. ಕೆಲಸ, ರಸ್ತೆ, ಆಸ್ಪತ್ರೆ ಎಂದಿತು. ಆಸ್ಪತ್ರೆ ಎಂದಾಗ ಊರು ಕಿವಿ ನಿಮಿರಿಸಿದ್ದು ನಿಜ. ಅಲ್ಲಿ ಹಲ್ಲುನೋವಿಗೂ ಎರಡು ಬಸ್ಸು ಬದಲಿಸಬೇಕಿತ್ತು. ಪಾತಾಳಯ್ಯನ ಮನೆಅಳಿಯನಿಗೆ ಗಣಿಯ ಗೇಟು ಕಾಯುವ ಕೆಲಸ ಖಾತ್ರಿಯಾಯಿತು. ಕೆಲಸಕ್ಕೂ ಮೊದಲೇ ಅವನು ಖಾಕಿ ಸಮವಸ್ತ್ರ ಹೊಲಿಸಿಕೊಂಡ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ಅತ್ತೆ ನಕ್ಕರೂ ಅವನು ಅದನ್ನು ಹಾಕಿಕೊಂಡೇ ಹಾಲು ತರಲು ಹೋಗುತ್ತಿದ್ದ.

ಬಾವಿಗಳ ಆಳ ಬರೆದುಕೊಳ್ಳಲು ಕಂಪನಿಯ ಸಾಹೇಬ ಬಂದ. ಪಾಪ, ಬಾವಿಯೊಳಗೆ ಇಣುಕಿದರೆ ಅವನಿಗೆ ತಲೆ ಸುತ್ತುತ್ತಿತ್ತು. ಆದ್ದರಿಂದ ಪಾತಾಳಯ್ಯನ ಜಗಲಿಯ ಮೇಲೆ ಕೂತು, ಎರಡು ಲೋಟ ಕಾಫಿ ಕುಡಿದು, ಮೂವತ್ತೊಂದು ಬಾವಿಗಳನ್ನೂ ಅಲ್ಲೇ ಮುಗಿಸಿದ. ನೀರು ಎಷ್ಟಕ್ಕಿದೆ ಅಂದ. ಹತ್ತು ಮಾರಿಗೆ ಅಂದ ಪಾತಾಳಯ್ಯ. ಮಾರು ಅಂದರೆ ಆರಡಿ ತಾನೇ ಅಂದ ಸಾಹೇಬ. ಪಾತಾಳಯ್ಯ ಒಮ್ಮೆ ಗಂಟಲು ಸರಿಮಾಡಿಕೊಂಡ. ಎದುರಿಗೆ ಕೂತವನು ಆರಡಿ ಆಳು. ತಾನು ಅದಕ್ಕಿಂತ ಕಮ್ಮಿ ಎಂದು ಹೇಳುವುದೆಂತು? ಹೂಂ ಅಂದುಬಿಟ್ಟ.

ಗಣಿಯ ಬಗ್ಗೆ ಊರವರ ಅಭಿಪ್ರಾಯ ಕೇಳುವ ಸರ್ಕಾರಿ ಸಭೆಗೆ ಮೂರು ದಿನವಿರುವಾಗ ಕಂಪನಿಯ ವರದಿ ಮನೆಮನೆಗೂ ಬಂತು. ಅಳಿಯ ಅದನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದಿದ. ಗಣಿಯ ತಳ ಐವತ್ತೈದು ಅಡಿ, ಅನುಭವಿಗಳ ಹೇಳಿಕೆಯಂತೆ ನೀರಿನ ಮಟ್ಟ ಅರವತ್ತು ಅಡಿ, ಬಾವಿಗಳಿಗೆ ಯಾವ ಅಪಾಯವೂ ಇಲ್ಲ. ಅನುಭವಿಗಳು ಅಂದರೆ ನೀವೇ ಮಾವ ಎಂದು ಹಿಗ್ಗಿದ.

ಪಾತಾಳಯ್ಯನ ಹೆಂಡತಿ ಗಂಡನ ತೋಳು ಹಿಡಿದು ಹಿತ್ತಲಿಗೆ ಕರೆದೊಯ್ದು, ಬಟ್ಟೆ ಒಣಹಾಕಿದ್ದ ಹಗ್ಗ ತೋರಿಸಿದಳು.

"ಇದು ಎಲ್ಲಿಂದ ಬಂತು ಗೊತ್ತೇನ್ರೀ? ನೀವು ಹತ್ತು ಮಾರು ಅಂದ್ರಿ ಅಂತ ಅಂಗಡೀಲಿ ಅರವತ್ತಡಿ ಹಗ್ಗ ತಂದೆ. ಬಿಂದಿಗೆ ನೀರು ಮುಟ್ಟಿದ ಮೇಲೂ ಇಷ್ಟು ಮಿಕ್ಕಿತು."

ಪಾತಾಳಯ್ಯ ಹಗ್ಗ ನೋಡಿದ. ಬೇಲಿಯಾಚೆ ಪಕ್ಕದ ಮನೆಯ ಹಿತ್ತಲು, ಅದರಾಚೆಯ ಹಿತ್ತಲು ನೋಡಿದ. ಎಲ್ಲ ಕಡೆಯೂ ಅದೇ ಹಗ್ಗ, ಅಷ್ಟೇ ಉದ್ದ, ಮೇಲೆ ಲಂಗ, ಪಂಚೆ, ಟವೆಲು. ಮಿಕ್ಕ ಹಗ್ಗ ಹನ್ನೆರಡು ಅಡಿಯಾದರೆ ನೀರಿರುವುದು ನಲವತ್ತೆಂಟಕ್ಕೆ. ಐವತ್ತೈದು ಅಡಿ ಅಗೆದರೆ ಗಣಿಯ ಪಂಪು ಊರಿನ ನೀರನ್ನೆಲ್ಲ ಎತ್ತಿ ಆಚೆ ಚೆಲ್ಲುತ್ತದೆ. ತಾನು ತೋಡಿದ ಮೂವತ್ತೊಂದು ಬಾವಿಗಳು ತನ್ನ ಒಂದು ಹೂಂಕಾರಕ್ಕೆ ಬತ್ತಿಹೋಗುತ್ತವೆ. ಅವನಿಗೆ ಭಯವಾಯಿತು. ಭಯಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು, ಮತ್ತು ಅಂಥ ಹೊತ್ತಿನಲ್ಲೂ ನಾಚಿಕೆಯೇ ಮುಂದೆ ಬಂತಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಇಲ್ಲಿ ಅಡಿಯ ಲೆಕ್ಕಕ್ಕೇ ಹೋಗುವುದಿತ್ತು.

ಸಭೆ ನಡೆದದ್ದು ಶಾಲೆಯ ಅಂಗಳದಲ್ಲಿ. ಸರ್ಕಾರದ ಕಡೆಯಿಂದ ಬಂದಿದ್ದ ಅಧಿಕಾರಿಣಿ ಮೇಜಿನ ಹಿಂದೆ ಕೂತಿದ್ದರು. ಸಾಹೇಬ ನಕಾಶೆ ತೋರಿಸಿದ. ಪರವಾಗಿ ಮಾತಾಡಿದವರಿಗೂ ಚಪ್ಪಾಳೆ, ವಿರೋಧವಾಗಿ ಮಾತಾಡಿದವರಿಗೂ ಚಪ್ಪಾಳೆ. ಊರಿಗೆ ಕೆಲಸವೂ ಬೇಕಿತ್ತು, ನೀರೂ ಬೇಕಿತ್ತು. ಕೊನೆಗೆ ಪಾತಾಳಯ್ಯ ಎದ್ದು ವೇದಿಕೆ ಹತ್ತಿದ. ಮೈಕು ಅವನ ಹಣೆಗೆ ಬಂತು. ಅದನ್ನು ತಗ್ಗಿಸಲು ಬಂದವನನ್ನು ಕಣ್ಣಲ್ಲೇ ಸುಟ್ಟ. ಆಮೇಲೆ ಏನನ್ನಿಸಿತೋ, ತಾನೇ ತಗ್ಗಿಸಿಕೊಂಡ.

"ಸಾಹೇಬ್ರೆ, ಟೇಪು ತನ್ನಿ," ಅಂದ. "ನನ್ನ ಅಳೀರಿ."

ಎರಡೂ ಕೈ ಚಾಚಿ ನಿಂತ. ಸಾಹೇಬ ಒಂದು ಬೆರಳತುದಿಯಿಂದ ಇನ್ನೊಂದು ಬೆರಳತುದಿಗೆ ಟೇಪು ಹಿಡಿದು, ತಬ್ಬಿಬ್ಬಾಗಿ ಎರಡು ಸಲ ನೋಡಿ, ಐದಡಿಗೆ ಎರಡಂಗುಲ ಕಮ್ಮಿ ಎಂದ. ಮೈಕಿನಲ್ಲಿ ಅದು ಊರಾಚೆಗೂ ಕೇಳಿಸಿತು.

"ಅದೇ ನನ್ನ ಮಾರು," ಅಂದ ಪಾತಾಳಯ್ಯ. "ಅವತ್ತು ಜಗಲಿ ಮೇಲೆ ಹೇಳೋಕೆ ನಾಚಿಕೆ ಆಯ್ತು. ಇವತ್ತೂ ಆಗ್ತಾ ಇದೆ. ನೀರಿರೋದು ನಲವತ್ತೆಂಟು ಅಡಿಗೆ."

ಹೆಂಗಸರ ಸಾಲಿನಲ್ಲಿ ನಗು ಎದ್ದಿತು. ತನ್ನ ಬಾಳೇ ಮುಗಿಯಿತು ಅಂದುಕೊಂಡ ಪಾತಾಳಯ್ಯ. ಮುಂದಿನ ಸಾಲಿನ ಮುದುಕಿಯೊಬ್ಬಳು ಕೂತಲ್ಲಿಂದಲೇ ಹೇಳಿದಳು:

"ನಮಗೆ ಗೊತ್ತಿಲ್ಲದೆ ಏನಪ್ಪ? ನಿನ್ನ ಮಾನ ನಮ್ಮ ಹಿತ್ತಲಲ್ಲಿ ನಲವತ್ತು ವರ್ಷದಿಂದ ಒಣಗ್ತಾ ಇದೆ. ನೀರು ಸಿಹಿಯಾಗಿತ್ತು, ಸುಮ್ಮನಿದ್ವಿ."

ಅಧಿಕಾರಿಣಿಯೂ ನಕ್ಕರು. ನಕ್ಕು, ಎಲ್ಲ ಬಾವಿಗಳನ್ನೂ ಟೇಪಿನಲ್ಲೇ ಅಳೆದ ಹೊರತು ಗುಡ್ಡಕ್ಕೆ ಗುದ್ದಲಿ ತಾಗಕೂಡದೆಂದು ಬರೆಸಿದರು. ಗಣಿ ಬಂತೋ ಬಿಟ್ಟಿತೋ, ಆ ಮಾತು ಆಮೇಲಿನದು. ಅಂದು ರಾತ್ರಿ ಅಳಿಯ ಮಾತ್ರ ಗೋಡೆಗೆ ಮುಖ ಮಾಡಿಕೊಂಡು ಉಂಡ. ಪಾತಾಳಯ್ಯ ತನ್ನ ತಟ್ಟೆಯನ್ನು ಬದಿಗೆ ಸರಿಸಿದ. ಹುಡುಗನ ಅನ್ನ ಕಿತ್ತವನು ತಾನೇ, ಸುಳ್ಳಾಡಿ ಅಲ್ಲ, ನಿಜ ಹೇಳಿ.

ಬೆಳಗ್ಗೆ ಸಾಹೇಬ ಟೇಪು ಹಿಡಿದು ಮೊದಲನೆಯ ಬಾವಿಗೆ ಬಂದ. ಕಟ್ಟೆಯ ಬಳಿ ಬರುತ್ತಲೇ ಬೆವರಿದ. ಆಗ ಹಿಂದಿನಿಂದ ಬಂದ ಅಳಿಯ, ಮೈಮೇಲೆ ಅದೇ ಖಾಕಿ, ಸಾಹೇಬನ ಬೆಲ್ಟನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡ.

"ಇಣುಕಿ ಸಾರ್," ಅಂದ. "ಕಾಯೋದೇ ನನ್ನ ಕೆಲಸ."

ಸಾಹೇಬ ಕಣ್ಣು ಕಿರಿದು ಮಾಡಿ ಇಣುಕಿದ. ಟೇಪು ಇಳಿದು ನೀರು ಮುಟ್ಟಿತು. ನಲವತ್ತೆಂಟು ಅಡಿ, ನಾಲ್ಕಂಗುಲ. ಬರೆದುಕೊಂಡು, ಮಾರಿನಲ್ಲಿ ಎಷ್ಟು ಅಜ್ಜ ಎಂದು ಕೇಳಿದ.

"ಹತ್ತು," ಅಂದ ಪಾತಾಳಯ್ಯ. "ನನ್ನ ಮಾರು ಅಂತ ಸೇರಿಸಿ ಬರೀರಿ."