ಅತ್ತಿಗೆಯ ಭಾನುವಾರದ ಕೆರೆ

ನಿನ್ನೆ ಸಂಜೆ ಮುಂಬಯಿ ಪಕ್ಕದ ಠಾಣೆಯಿಂದ ಕೋಪರಖೈರಣೆಗೆ ಬರುವ ಲೋಕಲ್‌ನಲ್ಲಿ ನನ್ನ ಪಕ್ಕ ಕೂತವನ ಚೀಲ ಒದ್ದೆಯಾಗಿತ್ತು. ಎಲ್ಲೋ ಈಜಿ ಬಂದಿದ್ದನೆಂದು ಕಾಣುತ್ತದೆ, ಚೀಲದಿಂದ ಪಾಚಿಯ ವಾಸನೆ ಬರುತ್ತಿತ್ತು. ಎದುರು ಕೂತವರು ಮೂಗಿಗೆ ಕರವಸ್ತ್ರ ಹಿಡಿದರು. ನಾನು ಮಾತ್ರ ಇನ್ನಷ್ಟು ಹತ್ತಿರ ಸರಿದೆ. ಆತ ನನ್ನನ್ನು ಜೇಬುಗಳ್ಳನೆಂದುಕೊಂಡನೋ ಏನೋ, ಫೋನನ್ನು ತೆಗೆದು ಅಂಗಿಯ ಒಳಜೇಬಿಗೆ ಸೇರಿಸಿದ. ಏನು ಮಾಡಲಿ ಹೇಳಿ? ಕೆರೆಯ ವಾಸನೆ ಮೂಗಿಗೆ ಬಿದ್ದರೆ ಸಾಕು, ನನ್ನ ಅತ್ತಿಗೆ ಕಣ್ಣೆದುರು ಬಂದು ನಿಲ್ಲುತ್ತಾರೆ. ಈ ಮಾತು ಅವರಿಗೆ ಗೊತ್ತಾದರೆ ನನ್ನ ಕಿವಿ ಹಿಂಡುವುದು ಖಂಡಿತ.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ಅಣ್ಣನದು ಡೊಂಬಿವಲಿಯಲ್ಲಿ ಒಂದು ಉಡುಪಿ ಹೋಟೆಲು. ನಾನು ಕಳಂಬೋಲಿಯ ಕಬ್ಬಿಣದ ಮಾರುಕಟ್ಟೆಯಲ್ಲಿ ಗುಮಾಸ್ತ. ಇಡೀ ದಿನ ಕುರ್ಚಿಯಲ್ಲಿ ಕೂತು ಬೆಳೆಸಿದ ಹೊಟ್ಟೆಯನ್ನು ಇಳಿಸಲೆಂದು ಕೆಲವು ವರ್ಷಗಳ ಹಿಂದೆ ಗೇರ್ ಇರುವ ಸೈಕಲ್ಲೊಂದನ್ನು ಕೊಂಡೆ. ಭಾನುವಾರ ಬೆಳಕು ಹರಿಯುವ ಮೊದಲೇ ಹೊರಟು ಮಹಾಪೆ, ಶಿಳ್ ಫಾಟಾ ದಾಟಿ, ಲಾರಿಗಳ ಹೊಗೆ ಕುಡಿಯುತ್ತ ಡೊಂಬಿವಲಿ ಸೇರುತ್ತಿದ್ದೆ. ಅಲ್ಲಿ ಅಣ್ಣನ ಹೋಟೆಲಿನಲ್ಲಿ ಮಸಾಲೆ ದೋಸೆ, ಅದರ ಬೆನ್ನಿಗೆ ಶಿರಾ. ಹೊಟ್ಟೆ ಹೇಗೆ ಇಳಿದೀತು, ನೀವೇ ಹೇಳಿ.

ಸೈಕಲ್ ಬಂದ ಮೇಲೆ ನನಗೆ ಕೆರೆಯ ಹುಚ್ಚು ಹಿಡಿಯಿತು. ನಮ್ಮ ಈ ಊರುಗಳನ್ನು ರೈಲಿನ ಕಿಟಕಿಯಿಂದ ಮಾತ್ರ ನೋಡಿದವರಿಗೆ ಇಲ್ಲಿ ಎಷ್ಟು ಕೆರೆಗಳಿವೆ ಎಂಬುದೇ ತಿಳಿಯುವುದಿಲ್ಲ. ಠಾಣೆಯಲ್ಲಿ ಬೀದಿಗೊಂದು ತಳಾವ್. ಅದರ ಸುತ್ತ ಸಂಜೆ ದೀಪ, ಪಾನಿಪೂರಿ, ಪೆಡಲ್ ದೋಣಿ. ಕಲ್ಯಾಣದ ಕೆರೆಯ ಸುತ್ತ ವಾಕಿಂಗ್ ಮಾಡುವವರ ನೂಕುನುಗ್ಗಲು. ಎಲ್ಲ ಕಡೆ ನೀರಿಗಿಳಿಯಬೇಡಿ ಎಂಬ ಫಲಕ. ಆದರೆ ಊರು ಮುಗಿದು, ಮಲಂಗಗಡದ ಗುಡ್ಡದ ಕಡೆಗೆ ರಸ್ತೆ ತಿರುಗಿದ ಮೇಲೆ, ಹಳ್ಳಿಯೊಂದರ ಗದ್ದೆಗಳ ಹಿಂದೆ ನಾನೊಂದು ಕೆರೆ ಕಂಡೆ. ಅದಕ್ಕೆ ಫಲಕವಿಲ್ಲ, ದೀಪವಿಲ್ಲ. ಗುಡ್ಡದ ಅಷ್ಟೂ ಶಿಖರ ತಲೆಕೆಳಗಾಗಿ ನೀರಿನೊಳಗೆ ನಿಂತಿತ್ತು. ಸೈಕಲ್ಲಿನಿಂದ ಇಳಿಯುವುದನ್ನೂ ಮರೆತು ನಿಂತುಬಿಟ್ಟೆ. ಹತ್ತಿರದಲ್ಲೇ ಇಂಥದ್ದು ಇಟ್ಟುಕೊಂಡು ಇಷ್ಟು ವರ್ಷ ನಾವು ಟಿ.ವಿ. ನೋಡುತ್ತ ಕೂತಿದ್ದೆವಲ್ಲ ಎಂದು ನನ್ನ ಮೇಲೆಯೇ ಸಿಟ್ಟು ಬಂತು.

ಆ ವರ್ಷ ಅತ್ತಿಗೆಯ ಬಲಗೈ ಮೇಲೇಳುತ್ತಿರಲಿಲ್ಲ. ಹೋಟೆಲಿನ ಸಾಂಬಾರು ಪುಡಿಯ ಸಾಮಾನನ್ನೆಲ್ಲ ಅವರೇ ಮನೆಯಲ್ಲಿ ದೊಡ್ಡ ಬಾಣಲೆಯಿಟ್ಟು ಹುರಿಯುವುದು, ಮದುವೆಯಾದಾಗಿನಿಂದ. ಭುಜ ಹಿಡಿದುಕೊಂಡಿತು. ಡಾಕ್ಟರು ಫ್ರೋಝನ್ ಶೋಲ್ಡರ್ ಎಂದರು, ಬಿಸಿ ಶಾಖ, ಕರೆಂಟು ಎಲ್ಲ ಕೊಟ್ಟರು. ಕೈ ಭುಜದ ಮಟ್ಟಕ್ಕೆ ಬಂದು ಅಲ್ಲಿಗೇ ನಿಲ್ಲುತ್ತಿತ್ತು. ಮೇಲಿನ ಕಪಾಟಿನ ಡಬ್ಬಿಗೂ ಮಗಳನ್ನು ಕರೆಯಬೇಕು. ನೋವಿಗಿಂತ ಅವರಿಗೆ ಅದೇ ಅವಮಾನ. “ಈಜಿದರೆ ಸಡಿಲ ಆಗ್ಬಹುದು” ಎಂದು ಡಾಕ್ಟರು ಅಂದಾಗ ಮಾತ್ರ ಅತ್ತಿಗೆ ಮುಖ ತಿರುಗಿಸಿದರು. ಅವರು ಬಾರಕೂರಿನ ಹೊಳೆಯ ದಡದಲ್ಲಿ ಬೆಳೆದವರು. ಮಳೆಗಾಲದ ಹೊಳೆಯನ್ನೂ ಈಜಿ ದಾಟುತ್ತಿದ್ದರಂತೆ.

“ಹಾಗಾದ್ರೆ ಕೆರೆಗೆ ಬನ್ನಿ ಅತ್ತಿಗೆ” ಎಂದೆ.

“ಬರ್ತೇನೆ. ದಡದಲ್ಲಿ ಕೂರ್ತೇನೆ. ನೀರಿಗೆ ಇಳಿ ಅಂತ ಮಾತ್ರ ಹೇಳ್ಬೇಡ” ಎಂದರು. ಮತ್ತೆ ತಾವೇ ಹೇಳಿದರು, “ಇಳಿದು ಕೈ ಏಳದಿದ್ರೆ? ಆಮೇಲೆ ನನ್ನ ಹತ್ರ ಎಂತ ಉಂಟು ಮಾರಾಯ? ಈಗ ಈಜ್ಲಿಕ್ಕೆ ಬರುದಿಲ್ಲ ಅಂತ ಗೊತ್ತಿಲ್ಲ, ಅಷ್ಟಾದ್ರೂ ಉಂಟಲ್ಲ.”

ಹೀಗೆ ನಮ್ಮ ಭಾನುವಾರಗಳು ಶುರುವಾದವು. ನಾನು ಸೈಕಲ್ಲಿನಲ್ಲಿ, ಅತ್ತಿಗೆ ತಮ್ಮ ಮಗಳು ಪ್ರಿಯಾಳ ಸ್ಕೂಟರಿನಲ್ಲಿ. ಅಣ್ಣ ಬರುವ ಮಾತೇ ಇಲ್ಲ. ಭಾನುವಾರ ಹೋಟೆಲಿನ ಯಜಮಾನ ಗಲ್ಲಾ ಬಿಟ್ಟು ಏಳುವುದೆಂದರೆ ದೇವರು ಗರ್ಭಗುಡಿ ಬಿಟ್ಟು ಎದ್ದಂತೆ. ಕೆರೆಯ ಏರಿಯ ಮೇಲೆ ಅತ್ತಿಗೆ ಒಂದು ಸುತ್ತು ನಡೆಯುವರು, ಕಲ್ಲಿನ ಮೇಲೆ ಕೂತು ಪಾದ ಮಾತ್ರ ನೀರಿಗೆ ಬಿಡುವರು. ಸುಮ್ಮನೆ ನೋಡುತ್ತಿರುವರು. ಆ ನೋಟ ನನಗೆ ನೋಡಲಾಗುತ್ತಿರಲಿಲ್ಲ.

ಅವರ ಧೈರ್ಯ ಹೆಚ್ಚಿಸಲು ನಾನೇ ಈಜು ಕಲಿಯುವುದೆಂದು ತೀರ್ಮಾನಿಸಿದೆ. ಉಡುಪಿ ಕಡೆಯವನೆಂದರೆ ಹುಟ್ಟುವಾಗಲೇ ಈಜು ಕಲಿತಿರುತ್ತಾನೆಂದು ನಮ್ಮ ಆಫೀಸಿನವರ ನಂಬಿಕೆ. ನಾನು ಡೊಂಬಿವಲಿಯಲ್ಲಿ ಬಕೆಟ್ ನೀರಿನಲ್ಲಿ ಬೆಳೆದವನು. ಊರಲ್ಲಿ ಮಕ್ಕಳ ಸೊಂಟಕ್ಕೆ ಎರಡು ಒಣ ತೆಂಗಿನಕಾಯಿ ಕಟ್ಟಿ ಹೊಳೆಗೆ ಬಿಡುತ್ತಾರೆ, ಕಾಯಿ ತೇಲುತ್ತದೆ, ಜೊತೆಗೆ ಮಗುವೂ ತೇಲುತ್ತದೆ ಎಂದು ಅತ್ತಿಗೆ ಹೇಳಿದ್ದು ನೆನಪಿತ್ತು. ಯಾರನ್ನೂ ಕೇಳದೆ ಹೋಟೆಲಿನ ಗೋಣಿಯಿಂದ ಎರಡು ಕಾಯಿ ತಂದು, ಜುಟ್ಟಿಗೆ ಹಗ್ಗ ಬಿಗಿದು, ಸೊಂಟಕ್ಕೆ ಕಟ್ಟಿಕೊಂಡು ಕೆರೆಗೆ ಇಳಿದೆ. ಎಮ್ಮೆ ಹೊಡೆದುಕೊಂಡು ಬಂದಿದ್ದ ಹಳ್ಳಿಯ ಅಜ್ಜ ನನ್ನನ್ನು ನೋಡಿ, ನೀರಿಗೆ ಕಾಯಿ ಅರ್ಪಿಸಲು ಬಂದವನೆಂದುಕೊಂಡು ಚಪ್ಪಲಿ ಬಿಟ್ಟು ಕೈಮುಗಿದ.

“ಕಾಯ್ ಹೋ, ನಾರಳಿ ಪುನವ್ ಅಜೂನ್ ಲಾಂಬ್ ಹಾಯ್ ನಾ?” ಎಂದ. ಕಾಯಿ ಬಿಡುವ ಹುಣ್ಣಿಮೆಗೆ ಇನ್ನೂ ದಿನವಿದೆಯಲ್ಲ ಎಂದು ಅವನ ಸಂಶಯ.

ಅತ್ತಿಗೆ ಕಲ್ಲಿನ ಮೇಲಿಂದ ಕೂಗಿದರು: “ಅಯ್ಯೋ ಮಾರಾಯ, ಸಿಪ್ಪೆ ಸುಲಿದ ಕಾಯಿ ಕಟ್ಟಿದ್ದಾ? ತೇಲುದು ಸಿಪ್ಪೆಯಿಂದ! ಇದೆಂತ, ಚಟ್ನಿ ಮಾಡ್ಲಿಕ್ಕಾ?”

ಅಷ್ಟರಲ್ಲಿ ನನ್ನ ಕಾಲ ಕೆಳಗಿನ ಕೆಸರು ಜಾರಿ, ನೆಲವೇ ಇಲ್ಲವಾಯಿತು. ಕಾಯಿಗಳು ನನ್ನನ್ನು ಎತ್ತಲಿಲ್ಲ. ನೀರು ಕುಡಿದೆ, ಆಕಾಶ ಕಂಡೆ, ಮತ್ತೆ ನೀರು ಕುಡಿದೆ. ದೇವರಾಣೆ, ಹೆದರಿ ಸತ್ತೆ. ಆಮೇಲೆ ಯಾರೋ ಕುತ್ತಿಗೆಯ ಹಿಂದೆ ಅಂಗಿ ಹಿಡಿದು ಎಳೆದರು.

ಅತ್ತಿಗೆ! ಚೂಡಿದಾರ್ ಸಮೇತ ಹಾರಿ ಬಂದಿದ್ದರು. ಎಡಗೈಯಲ್ಲಿ ನನ್ನ ಕಾಲರು. ಹಾಗಾದರೆ ಈಜುತ್ತಿದ್ದ ಕೈ ಯಾವುದು? ಕೆಮ್ಮುತ್ತ, ಉಸಿರು ಕಟ್ಟುತ್ತ, ನಾನು ಕಣ್ಣಾರೆ ಕಂಡೆ. ಕಪಾಟಿನ ಡಬ್ಬಿಗೂ ಏಳದ ಆ ಬಲಗೈ ನೀರಿನಿಂದ ಎದ್ದಿತು. ಭುಜ ದಾಟಿತು, ಕಿವಿ ದಾಟಿತು, ತಲೆಯ ಮೇಲೆ ಹೋಗಿ ನೀರನ್ನು ಕತ್ತರಿಸಿ ಇಳಿಯಿತು. ಮತ್ತೆ ಎದ್ದಿತು. ನಾನು ಬದುಕಿದ್ದೇನೆ ಎಂಬುದಕ್ಕಿಂತ ಅದೇ ನನಗೆ ದೊಡ್ಡದಾಗಿ ಕಂಡಿತು.

ದಡ ಸೇರಿದ ಮೇಲೆ ಪ್ರಿಯಾ ಅಳುತ್ತಲೇ ಕೂಗಿದಳು: “ಮಮ್ಮಿ, ಹಾಥ್! ತುಮ್ಹಾರಾ ಹಾಥ್!”

ತಮ್ಮ ಕೈ ಎದ್ದದ್ದು ಅತ್ತಿಗೆಗೆ ಆಗಲೇ ಗೊತ್ತಾದದ್ದು. ಕೈಯನ್ನು ಒಮ್ಮೆ ನೋಡಿಕೊಂಡರು, ಮೆಲ್ಲಗೆ ಎತ್ತಿದರು. ಭುಜದ ಮಟ್ಟಕ್ಕೆ ಬಂದು ನಿಂತಿತು. ಮೊದಲಿನ ಹಾಗೆಯೇ. ಅವರ ಮುಖ ಇಳಿದುಹೋಯಿತು. ಎದ್ದು ಮತ್ತೆ ನೀರಿಗೆ ನಡೆದರು. ಎದೆಮಟ್ಟದ ನೀರಿನಲ್ಲಿ ನಿಂತು ಕೈ ಎತ್ತಿದರೆ, ಸಲೀಸಾಗಿ ಎದ್ದಿತು! ಮೇಲೆ ಬಂದರೆ ಇಲ್ಲ. ನೀರಿಗಿಳಿದರೆ ಉಂಟು. ಹೊರಗೂ ಒಳಗೂ ಹೋಗುತ್ತ ಬರುತ್ತ ಕೊನೆಗೆ ನೀರಿನಲ್ಲೇ ನಿಂತು ಗಟ್ಟಿಯಾಗಿ ನಗತೊಡಗಿದರು. ನಗುವಿನ ಜೊತೆ ಕಣ್ಣೀರು. ಅಜ್ಜ ಎಮ್ಮೆಗಳನ್ನು ಮರೆತು ನಿಂತಿದ್ದ. ಯಾವ ವ್ರತವೋ ಏನೋ, ಫಲ ಸಿಕ್ಕಿತಲ್ಲ ಎಂದುಕೊಂಡಿರಬೇಕು.

ಅಣ್ಣ ಮಾತ್ರ ನಂಬಲಿಲ್ಲ. “ನೀರಲ್ಲಿ ಮಾತ್ರ ಏಳುವ ಕೈ ಉಂಟಾ? ಎಂತ ನಾಟಕ ಇದು ನಿಮ್ಮದು?” ಎಂದು ಗಲ್ಲಾದಲ್ಲಿ ಕೂತೇ ಗದರಿದ. ನನಗೆ ಉರಿದುಹೋಯಿತು. “ನೋಡ್ಲಿಕ್ಕೆ ಬಾ ಅಂದ್ರೆ ಬರುದಿಲ್ಲ, ಇಲ್ಲಿ ಕೂತು ಎಂತಕ್ಕೆ ಮಾತಾಡ್ತಿ?” ಎಂದುಬಿಟ್ಟೆ. ಅಣ್ಣನಿಗೆ ಎದುರಾಡಿದ್ದು ಅದೇ ಮೊದಲು. ಸಾಂಬಾರು ಬಡಿಸುವವನ ಸೌಟು ಅಲ್ಲೇ ನಿಂತಿತು.

ಮುಂದಿನ ಭಾನುವಾರ ನಾನು ಡೊಂಬಿವಲಿ ತಲುಪಿದರೆ ಗಲ್ಲಾದಲ್ಲಿ ಪ್ರಿಯಾ ಕೂತಿದ್ದಳು! ಅಣ್ಣ ಸ್ಕೂಟರು ಹೊರಗೆ ತೆಗೆದು, ಅತ್ತಿಗೆಯನ್ನು ಹಿಂದೆ ಕೂರಿಸಿಕೊಂಡು ನನ್ನ ದಾರಿ ಕಾಯುತ್ತಿದ್ದ. ಗಿರಾಕಿಗಳು ಇಡ್ಲಿ ಬಿಟ್ಟು ಅವನನ್ನೇ ನೋಡುತ್ತಿದ್ದರು.

ಆ ದಿನ ಅತ್ತಿಗೆ ಕೆರೆಯ ನಡುವಿನವರೆಗೆ ಈಜಿದರು. ತಲೆಕೆಳಗಾಗಿ ನಿಂತಿದ್ದ ಗುಡ್ಡವನ್ನು ಸೀಳಿಕೊಂಡು ಹೋದರು, ಕೂಡಿಸಿಕೊಂಡು ಬಂದರು. ಅವರ ಆ ಕೈ ಬಿಸಿಲಿಗೆ ಎದ್ದಾಗಲೆಲ್ಲ ಅಣ್ಣನ ಗಂಟಲಿನಿಂದ ಏನೋ ಒಂದು ಸ್ವರ ಹೊರಡುತ್ತಿತ್ತು. ಮದುವೆಯಾಗಿ ಇಷ್ಟು ವರ್ಷವಾದರೂ ಹೆಂಡತಿ ಈಜುವುದನ್ನು ಅವನು ನೋಡಿರಲೇ ಇಲ್ಲ. “ಇವಳು ಇಷ್ಟು… ಇಷ್ಟು ಚಂದ…” ಎಂದ. ವಾಕ್ಯ ಮುಗಿಸಲು ಅವನಿಗೆ ಬರಲಿಲ್ಲ.

ಅತ್ತಿಗೆ ಮೇಲೆ ಬಂದು ಕಲ್ಲಿನ ಮೇಲೆ ಕೂತರು. ತಲೆಯಿಂದ ನೀರು ಸುರಿಯುತ್ತಿತ್ತು, ದಡದಲ್ಲಿ ಕೈ ಏಳದು. ನಾನು ಆ ಕಡೆ ತಿರುಗುವಷ್ಟರಲ್ಲಿ ಅಣ್ಣ, ಕುಡಿಯುವ ನೀರನ್ನೂ ತಾನಾಗಿ ಬಗ್ಗಿಸಿಕೊಳ್ಳದ ನನ್ನ ಅಣ್ಣ, ಟವೆಲು ತೆಗೆದು ಅವರ ಹಿಂದೆ ಮೊಣಕಾಲೂರಿ ತಲೆ ಒರೆಸತೊಡಗಿದ. ಕೂದಲು ಹಿಂಡಿದ, ಸಿಕ್ಕು ಬಿಡಿಸಿದ. ಟೇಬಲ್ ಒರೆಸಿದ ಹಾಗೆ ಒರಟೊರಟಾಗಿ. ಅತ್ತಿಗೆ ಕಣ್ಣುಮುಚ್ಚಿ ಕೂತಿದ್ದರು. ನಾನು ಸೈಕಲ್ಲಿನ ಚೈನು ಬಿದ್ದಿದೆಯೆಂದು ನೆಪ ಹೇಳಿ ದೂರ ಹೋದೆ.

ಅಂದಿನಿಂದ ಭಾನುವಾರದ ಗಲ್ಲಾ ಪ್ರಿಯಾಳದ್ದೇ. ನಾನೂ ಈಗ ಸಿಪ್ಪೆಯಿಲ್ಲದೆ ತೇಲಬಲ್ಲೆ, ಹೊಟ್ಟೆ ಉಪಕಾರಕ್ಕೆ ಬಂತು. ನಿನ್ನೆ ರೈಲು ಇಳಿದು ಮನೆಗೆ ನಡೆಯುತ್ತ ಆ ಪಾಚಿಯ ವಾಸನೆಯಲ್ಲೇ ಅತ್ತಿಗೆಗೆ ಫೋನು ಮಾಡಿದೆ. ಭುಜ ಹೇಗುಂಟು ಎಂದು ಕೇಳಿದೆ.

ಅತ್ತಿಗೆ ದನಿ ತಗ್ಗಿಸಿದರು. “ಪೂರ್ತಿ ಸರಿಯಾಯ್ತು ಮಾರಾಯ. ದಡದಲ್ಲೂ ಏಳ್ತದೆ, ತಿಂಗಳಾಯ್ತು. ನಿನ್ನ ಅಣ್ಣನಿಗೆ ಮಾತ್ರ ಹೇಳ್ಬೇಡ. ತಲೆ ಒರೆಸುದು ಬಿಟ್ಟುಬಿಡ್ತಾರೆ.”