ಗಿಡಗಂಟಿ ಎಂದು ಬರೆದ ಹನ್ನೊಂದು ಬೇವು

ಪುರಸಭೆ ಚುನಾವಣೆಗೆ ನಿಲ್ಲುವ ಆಸೆ ಇದ್ದದ್ದು ನನ್ನ ಗಂಡನಿಗೆ. ಬೀಜ, ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದ ಅವರು ಓಣಿಯ ಮದುವೆ, ಸತ್ತವರ ಮಣ್ಣುಗಳಿಗೆಲ್ಲ ಮುಂದೆ ನಿಂತು ಹೆಸರು ಮಾಡಿಕೊಂಡಿದ್ದರು. ಇನ್ನೇನು ಚುನಾವಣೆ ಬಂತು ಎನ್ನುವಾಗ ನಮ್ಮ ವಾರ್ಡು ಮಹಿಳೆಯರಿಗೆ ಮೀಸಲಾಯಿತು. ಎರಡು ದಿನ ಅವರು ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಟ್ರಂಕು ತೆಗೆದು ನನ್ನ ಆಧಾರ್ ಕಾರ್ಡು ಹುಡುಕತೊಡಗಿದರು.

ನಾನು ಭೀಮಾ ನದಿ ದಂಡೆಯ ಹಳ್ಳಿಯವಳು. ಅಪ್ಪ ಮೀನು ಹಿಡಿಯುತ್ತಿದ್ದ, ಏಳನೆಯ ಇಯತ್ತೆಯವರೆಗೆ ಓದಿಸಿದ. ಮದುವೆಯಾಗಿ ಬಂದದ್ದು ಶಹಾಪುರ-ಸುರಪುರದ ಕಡೆಯ ಈ ಸಣ್ಣ ಊರಿಗೆ. ಮಕ್ಕಳು ಶಾಲೆಗೆ ಹೋಗುವಂತಾದ ಮೇಲೆ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಜೋಳದ ರೊಟ್ಟಿ ಮಾಡಿ ಮಾರತೊಡಗಿದೆ. ಮುಂದೆ ಓಣಿಯ ಐದು ಜನ ಹೆಣ್ಣುಮಕ್ಕಳು ಸೇರಿಕೊಂಡರು. ಭೀಮರಾಯನಗುಡಿಯ ಕಾಲೇಜು ಹುಡುಗರ ರೂಮುಗಳಿಗೂ ನಮ್ಮ ರೊಟ್ಟಿ ಹೋಗುತ್ತಿತ್ತು.

ಶೆಡ್ಡಿನ ಎದುರಿಗೇ ಒಂದು ಖುಲ್ಲಾ ಜಾಗ. ಅದರಲ್ಲಿ ಹನ್ನೊಂದು ಬೇವಿನ ಮರಗಳು. ಚೈತ್ರ, ವೈಶಾಖದಲ್ಲಿ ಆ ತಗಡಿನ ಕೆಳಗೆ ಒಲೆ ಹೊತ್ತಿಸಿ ಕೂತವರಿಗೆ ಮಾತ್ರ ಆ ನೆರಳಿನ ಬೆಲೆ ಗೊತ್ತು. ಹತ್ತು ರೊಟ್ಟಿ ಬಡಿದು, ಹೊರಗೆ ಬಂದು ಬೇವಿನ ಬುಡಕ್ಕೆ ಕೂತು ನೀರು ಕುಡಿದು, ಮತ್ತೆ ಒಳಗೆ ಹೋಗಬೇಕು. ಊರು ಗುಡಿಸುವ ಹೆಣ್ಣುಮಕ್ಕಳು ಬುತ್ತಿ ಬಿಚ್ಚುತ್ತಿದ್ದದ್ದೂ ಅಲ್ಲಿಯೇ. ಅವರಲ್ಲಿ ಹಿರಿಯಳಾದ ಒಬ್ಬಾಕೆಯನ್ನು ಎಲ್ಲರೂ ಆಯಿ ಎನ್ನುತ್ತಿದ್ದೆವು. ಆಯಿಗೆ ಬಿಸಿ ರೊಟ್ಟಿ, ನಮಗೆ ಆಕೆ ತಂದ ಪುಂಡಿಪಲ್ಯ.

ನಾನು ಗೆದ್ದೆ. ಹಾರ ಬಿದ್ದದ್ದು ಗಂಡನ ಕೊರಳಿಗೆ.

ಸಭೆಗೆ ನಾನೂ ಹೋಗುತ್ತಿದ್ದೆ, ಅವರೂ ಬರುತ್ತಿದ್ದರು. ನನ್ನ ಹಿಂದಿನ ಕುರ್ಚಿಯಲ್ಲಿ ಕೂತು, ನಿರ್ಣಯ ಬರೆಯುವ ಠರಾವು ಪುಸ್ತಕ ಬಂದಾಗ ಬೆರಳಿಟ್ಟು ತೋರಿಸುವರು: "ಇಲ್ಲಿ ಹಾಕು." ಹಾಕುತ್ತಿದ್ದೆ. ಸದಸ್ಯೆ ಎಂದು ಕೆತ್ತಿದ ರಬ್ಬರ್ ಮೊಹರು ಸದಾ ಅವರ ಅಂಗಿಯ ಕಿಸೆಯಲ್ಲಿ. ಸಭೆಯಲ್ಲಿ ನಾವು ಹೆಣ್ಣುಮಕ್ಕಳು ಏಳು ಜನ ಇದ್ದೆವು. ಏಳೂ ಜನರ ಹಿಂದೆ ಒಂದೊಂದು ಕುರ್ಚಿ ಇತ್ತು. ಚಹಾ ಬರುತ್ತಿತ್ತು, ಬಿಸ್ಕಿಟ್ ಬರುತ್ತಿತ್ತು. ಗಂಡಸರು ಜಗಳಾಡುತ್ತಿದ್ದರು, ನಾವು ಕೇಳುತ್ತಿದ್ದೆವು. ಒಂದೂವರೆ ವರ್ಷ ಹೀಗೆ ಕಳೆಯಿತು. ಅದನ್ನು ಬರೆಯಲು ಈಗಲೂ ನನಗೆ ನಾಚಿಕೆಯಾಗುತ್ತದೆ, ಆದರೆ ಬರೆಯಬೇಕು.

ಒಂದು ಬೆಳಿಗ್ಗೆ ಹಿಟ್ಟು ನಾದುತ್ತಿದ್ದಾಗ ಹೊರಗೆ ಆಯಿಯ ದನಿ ಜೋರಾಗಿ ಕೇಳಿತು. ಹೋಗಿ ನೋಡಿದರೆ ಇಬ್ಬರು ಆಳುಗಳು ಮರಗಳಿಗೆ ಕೆಂಪು ಬಣ್ಣದಲ್ಲಿ ನಂಬರು ಬರೆಯುತ್ತಿದ್ದಾರೆ. ಆರನೆಯದಕ್ಕೆ ಬಂದಿದ್ದರು.

"ಏನ್ ಮಾಡಾಕತ್ತೀರಪಾ?" ಎಂದೆ.

"ಗಿಡ ಕಡಿಯಾಕ ನಂಬರ್ ಹಾಕಾಕತ್ತೇವ್ರಿ. ಇಲ್ಲಿ ಮಳಗಿ ಕಟ್ತಾರಂತ. ಪುರಸಭಿ ಠರಾವ್ ಆಗ್ಯಾದ್ರಿ."

"ಯಾವಾಗ ಆತು? ನಾ ಮೆಂಬರ್ ಇದ್ದೀನಿ, ನನಗ ಗೊತ್ತಿಲ್ಲ."

ಆತ ಬ್ರಷ್ಷು ಕೆಳಗಿಟ್ಟು ನನ್ನನ್ನೇ ನೋಡಿದ. "ನಮಗೇನ್ ಗೊತ್ತಾಗಬೇಕ್ರಿ ಅಕ್ಕಾ. ನಿಮಗs ಗೊತ್ತಿರಬೇಕಲ್ರಿ."

ಕೈಯ ಹಿಟ್ಟು ಸೆರಗಿಗೆ ಒರೆಸಿಕೊಂಡು ಹಾಗೆಯೇ ಪುರಸಭೆಗೆ ನಡೆದೆ. ಗಂಡ ಇಲ್ಲದೆ ನಾನು ಆ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಮುಖ್ಯಾಧಿಕಾರಿ ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದವರು, ಮೆತ್ತಗಿನ ಮನುಷ್ಯ, ಯಾರೊಂದಿಗೂ ವೈರ ಕಟ್ಟಿಕೊಳ್ಳುವವರಲ್ಲ. ಠರಾವು ಪುಸ್ತಕ ಕೇಳಿದೆ. ಅವರು ಪುಟ ತೆಗೆದು ನನ್ನ ಮುಂದೆ ಇಟ್ಟರು.

ವಾರ್ಡಿನ ಖುಲ್ಲಾ ಜಾಗದಲ್ಲಿ ಬೆಳೆದಿರುವ ಗಿಡಗಂಟಿಗಳನ್ನು ತೆರವುಗೊಳಿಸಿ, ಪುರಸಭೆಯ ಆದಾಯ ಹೆಚ್ಚಿಸಲು ವಾಣಿಜ್ಯ ಮಳಿಗೆಗಳನ್ನು ಕಟ್ಟಲು ಸರ್ವಾನುಮತದಿಂದ ಒಪ್ಪಲಾಯಿತು ಎಂದು ಬರೆದಿತ್ತು. ಕೆಳಗೆ ಸೂಚಕರ ಸಹಿ. ಅದರ ಪಕ್ಕದಲ್ಲಿ, ಅನುಮೋದಕರು ಎಂಬಲ್ಲಿ, ನನ್ನ ಸಹಿ. ಮಗ್ಗುಲಿಗೆ ಮೊಹರು.

ಏಳನೆಯ ಇಯತ್ತೆಯ ಮಾಸ್ತರರು ತಿದ್ದಿಸಿದ ದುಂಡನೆಯ ಅಕ್ಷರ. ನನ್ನದಲ್ಲ ಎನ್ನುವಂತಿರಲಿಲ್ಲ.

"ಸಾಹೇಬ್ರ, ಗಿಡಗಂಟಿ ಅಂದ್ರ ಜಾಲಿಮುಳ್ಳು, ಕಸಕಡ್ಡಿ. ಇವು ನಮ್ಮತ್ತಿ ಲಗ್ನ ಆಗಿ ಬಂದಾಗ ಇದ್ದ ಬೇವಿನ ಗಿಡರೀ. ಇಬ್ಬರು ಕೂಡಿ ತೆಕ್ಕಿಗೆ ಹಿಡದ್ರೂ ಸಿಗಂಗಿಲ್ಲ."

"ನಿಮ್ಮ ಕಡೆ ಮರಕ್ಕೂ ಗಿಡ ಅಂತಾರಲ್ಲ, ಹಾಗೆ ಬರೆದಿರಬೇಕು" ಎಂದು ಅವರು ತಲೆ ತಗ್ಗಿಸಿದರು. ಮರ ಎಂದು ಬರೆದರೆ ಅರಣ್ಯ ಇಲಾಖೆಯ ಅಪ್ಪಣೆ ಬೇಕಾಗುತ್ತದೆ ಎನ್ನುವುದು ಆಮೇಲೆ ಅವರ ಬಾಯಿಂದಲೇ ತಿಳಿಯಿತು.

ಆ ಜಾಗ ಯಾರದು ಎಂದು ಕೇಳಿದೆ. ಅವರು ಎದ್ದು ಕಪಾಟಿನಿಂದ ಬಡಾವಣೆಯ ಹಳೆಯ ನಕ್ಷೆ ತಂದು ಮೇಜಿನ ಮೇಲೆ ಹಾಸಿದರು. ಮನೆಗಳು ಹಳದಿ, ರಸ್ತೆ ಬಿಳಿ. ನಮ್ಮ ಶೆಡ್ಡಿನ ಎದುರಿಗೆ ಹಸಿರು ಚೌಕ, ಒಳಗೆ ಉದ್ಯಾನ ಎಂದು ಬರೆದಿತ್ತು. ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಪುರಸಭೆ ತನ್ನಷ್ಟಕ್ಕೆ ತಾನು ಅಂಗಡಿಗೆ ಕೊಡಲು ಬರುವುದಿಲ್ಲವಂತೆ.

"ಇದನ್ನ ಸಭಿಯೊಳಗ ಯಾಕ ಹೇಳಲಿಲ್ರಿ?"

"ಯಾರೂ ಕೇಳಲಿಲ್ಲಮ್ಮಾ. ಕೇಳಿದರೆ ನಾನು ಕೊಡಲೇಬೇಕು."

"ಈಗ ನಾ ಕೇಳಾಕತ್ತೇನ್ರಿ. ಠರಾವಿಂದು, ನಕ್ಷಾದ್ದು ನಕಲು ಕೊಡ್ರಿ. ಮಳಗಿಗೋಳ ಬಾಡಗಿ ಬಾಕಿ ಪಟ್ಟಿನೂ ಕೊಡ್ರಿ."

ಮೊದಲ ಅರ್ಜಿ ಅಲ್ಲಿಯೇ ಕೂತು ಬರೆದೆ. ಮೊಹರು ಇರಲಿಲ್ಲ, ಬರೀ ಸಹಿ ಹಾಕಿದೆ. ಬರೆದದ್ದನ್ನು ಎರಡು ಸಲ ಓದಿಕೊಂಡೇ ಹಾಕಿದೆ.

ಅಂದು ಸಂಜೆ ಮನೆಯಲ್ಲಿ ಮಾತಾಯಿತು. ಗಂಡ ಮುಚ್ಚಿಡಲಿಲ್ಲ. ಹತ್ತು ಮಳಿಗೆಗಳಲ್ಲಿ ಮೂಲೆಯದೊಂದು ನಮಗೆ ಸಿಗುವ ಮಾತಾಗಿತ್ತು.

"ಅಂಗಡಿ ದೊಡ್ಡದಾದ್ರ ನಿನಗs ಸುಖ ಅಲ್ಲೇನು? ಎಷ್ಟಂತ ಹೊಗಿಯೊಳಗ ಕುಂದ್ರತಿ?" ಎಂದರು.

"ಹೊಗಿ ನಂದು, ನಾ ಕುಂದ್ರತೀನಿ. ಗಿಡ ಎಲ್ಲಾರದು ರೀ."

"ಸೈ ಮಾಡೀದಿ, ಮುಗೀತು. ಇನ್ನ ಬಾಯಿ ಮುಚ್ಚಿಕೊಂಡಿರು."

ನಾನು ಎದ್ದು ಗೂಟಕ್ಕೆ ನೇತು ಹಾಕಿದ್ದ ಅವರ ಅಂಗಿಯ ಕಿಸೆಯಿಂದ ಮೊಹರು ತೆಗೆದುಕೊಂಡೆ. ಅವರು ನೋಡುತ್ತಿದ್ದಂತೆಯೇ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಅವರ ಕಿಸೆಗೆ ಕೈ ಹಾಕಿದ್ದು ಅದೇ ಮೊದಲು.

ಬಾಕಿ ಪಟ್ಟಿ ಬರಲು ಎಂಟು ದಿನ ಬೇಕಾಯಿತು. ಓದಿದಾಗ ಅರ್ಥವಾಯಿತು, ಅಷ್ಟು ತಡ ಏಕೆಂದು. ಬಸ್ ನಿಲ್ದಾಣದ ಬಳಿ ಪುರಸಭೆಯ ಹಳೆಯ ಮಳಿಗೆಗಳ ಸಾಲಿದೆ. ಅರ್ಧಕ್ಕಿಂತ ಹೆಚ್ಚು ಅಂಗಡಿಯವರು ವರ್ಷಗಟ್ಟಲೆ ಬಾಡಿಗೆ ಕಟ್ಟಿರಲಿಲ್ಲ. ಮೊದಲ ಹೆಸರು ಅಧ್ಯಕ್ಷರ ಭಾವಮೈದುನನದು. ಉಳಿದವರೂ ಸದಸ್ಯರ ಕಡೆಯವರೇ. ಜೊತೆಗೆ ಕೊಟ್ಟಿದ್ದ ಮನೆ ಕರದ ಹಾಳೆಯಲ್ಲಿ ನಮ್ಮ ಮನೆಯೂ ಇತ್ತು. ಮೆಂಬರ್ ಮನೆಗೆ ಯಾರು ಬಂದು ಕೇಳುತ್ತಾರೆ ಎಂದು ಗಂಡ ಕಟ್ಟುವುದನ್ನೇ ಬಿಟ್ಟಿದ್ದರು. ಮರುದಿನ ರೊಟ್ಟಿಯ ರೊಕ್ಕದಿಂದ ಪೂರಾ ಕಟ್ಟಿ ರಸೀದಿ ತೆಗೆದುಕೊಂಡೆ. ಅದಿಲ್ಲದೆ ಸಭೆಯಲ್ಲಿ ಬಾಯಿ ತೆರೆಯುವ ಹಕ್ಕು ನನಗಿರಲಿಲ್ಲ.

ಮುಂದಿನ ಸಭೆಯಲ್ಲಿ ಚಹಾ ಬರುವ ಮೊದಲೇ ಎದ್ದು ನಿಂತೆ. "ಅಧ್ಯಕ್ಷರ, ನಾ ಓದದs ಒಂದು ಠರಾವಿಗೆ ಸೈ ಮಾಡೀನಿ. ಅದು ನಂದs ತಪ್ಪು. ಆ ಸೈ ನಾ ವಾಪಸ್ ತಗೋತೀನಿ."

ಸಭೆ ನಕ್ಕಿತು. ಅಧ್ಯಕ್ಷರೂ ನಕ್ಕರು. "ಅಕ್ಕೋರ, ಸೈ ಅಂದ್ರ ಸಂತ್ಯಾಗಿನ ಬದನಿಕಾಯಿ ಅಲ್ರಿ, ವಾಪಸ್ ಕೊಡಾಕ. ಕುಂದ್ರಿ."

"ವಾಪಸ್ ಕೊಡಾಕ ಬರದಿದ್ರ, ನಾ ವಿರೋಧ ಮಾಡೀನಿ ಅಂತ ಬರಸ್ರಿ. ಅದು ಉದ್ಯಾನದ ಜಾಗಾ. ಅಲ್ಲಿರೂದು ಗಿಡಗಂಟಿ ಅಲ್ಲ, ಹನ್ನೊಂದು ಬೇವು."

ಅಧ್ಯಕ್ಷರ ನಗು ನಿಂತಿತು. "ಖಜಾನಿ ಖಾಲಿ ಆಗ್ಯಾದ, ಗೊತ್ತೇನ್ರಿ? ಕಸ ಗುಡಸೋರಿಗೆ ಪಗಾರ ಆಗಿ ಮೂರು ತಿಂಗಳಾತು. ಮಳಗಿ ಕಟ್ಟಲಿಲ್ಲಂದ್ರ ಅವರ ಹೊಟ್ಟಿಗೆ ಬೇವಿನ ತಪ್ಪಲ ಹಾಕ್ತೀರೇನು?"

ಹಿಂದಿನಿಂದ ಗಂಡ ನನ್ನ ಸೆರಗು ಜಗ್ಗಿ, "ಏ, ಗಪ್ ಕುಂದ್ರು" ಎಂದರು. ಎಲ್ಲರಿಗೂ ಕೇಳಿಸಿತು.

ನಾನು ತಿರುಗಿದೆ. "ನೀವು ಮೆಂಬರ್ ಅಲ್ರಿ. ಹೊರಗ ಹೋಗಿ ಕುಂದ್ರಿ."

ಗಂಡ ಅಧ್ಯಕ್ಷರ ಮುಖ ನೋಡಿದರು, ಅಧ್ಯಕ್ಷರು ಮುಖ್ಯಾಧಿಕಾರಿಯ ಮುಖ ನೋಡಿದರು. ಮುಖ್ಯಾಧಿಕಾರಿ ಗಂಟಲು ಸರಿಪಡಿಸಿಕೊಂಡು, "ನಿಯಮದಲ್ಲಿ ಸದಸ್ಯರಷ್ಟೇ ಇರಬೇಕು" ಎಂದರು. ಗಂಡ ಎದ್ದು ಹೋದರು. ನನಗೆ ಅಳು ಬಂತು. ಅಳುತ್ತಲೇ ಬಾಕಿ ಪಟ್ಟಿ ಬಿಚ್ಚಿದೆ.

"ಮೊದಲ ನಮ್ಮ ಮನಿ ಕರ ಬಾಕಿ ಇತ್ತು. ಕಟ್ಟೀನಿ, ರಸೀದಿ ಇಲ್ಲಿ ಅದ. ಇನ್ನ ಬಸ್ ಸ್ಟ್ಯಾಂಡ್ ಮಳಗಿ. ಒಂದನೇ ನಂಬರ್ ಅಂಗಡಿ..."

"ಅದು ಇವತ್ತಿನ ವಿಷಯ ಅಲ್ರೀ!" ಎಂದು ಅಧ್ಯಕ್ಷರು ಮೇಜು ಗುದ್ದಿದರು.

"ಖಜಾನಿ ಖಾಲಿ ಅಂದವರು ನೀವು. ಯಾಕ ಖಾಲಿ ಆತು ಅಂತ ನಾ ಹೇಳಾಕತ್ತೇನಿ."

ಮೂರನೆಯ ಅಂಗಡಿಗೆ ಬರುವಷ್ಟರಲ್ಲಿ ಅರ್ಧ ಸಭೆ ಎದ್ದು ಕೂಗುತ್ತಿತ್ತು. ನಾನು ಹದಿನಾಲ್ಕನೆಯದರವರೆಗೂ ಓದಿದೆ. ಯಾರಿಗೆ ಕೇಳಿಸಿತೋ ಗೊತ್ತಿಲ್ಲ. ಕೊನೆಗೆ ಕೈ ಎತ್ತಿಸಿ ಹಳೆಯ ಠರಾವೇ ಉಳಿಯುತ್ತದೆ ಎಂದು ತೀರ್ಮಾನಿಸಿದರು. ವಿರೋಧಕ್ಕೆ ನನ್ನದೊಂದೇ ಕೈ. ಆದರೆ ಆ ಒಂದು ಕೈ ಪುಸ್ತಕದಲ್ಲಿ ದಾಖಲಾಯಿತು. ಬರೆದು ಮುಗಿಯುವತನಕ ನಾನು ಮುಖ್ಯಾಧಿಕಾರಿಯ ಮೇಜು ಬಿಟ್ಟು ಕದಲಲಿಲ್ಲ.

ಹೊರಗೆ ಆಯಿ ಕಾಯುತ್ತಿದ್ದಳು. ಪಗಾರದ ಮಾತು ಆಗಲೇ ಆಕೆಗೆ ಮುಟ್ಟಿತ್ತು. "ನಮ್ಮ ಹೊಟ್ಟಿ ಹೆಸರು ಹೇಳಿ ಗಿಡ ಕಡಿತಾರೇನು? ಯವ್ವಾ, ನೀ ಯಾದಗಿರಿಗೆ ದೂರು ಕೊಡಾಕ ಹೋಗತಿದ್ರ ನಾನೂ ಬರ್ತೀನಿ. ಹೆಬ್ಬಟ್ಟು ಒತ್ತಾಕ ಬರ್ತದ ನನಗ."

ಮರುದಿನ ಬಸ್ಸಿನಲ್ಲಿ ನಾವಿಬ್ಬರೂ ಯಾದಗಿರಿಗೆ ಹೋದೆವು. ಭೀಮಾ ಸೇತುವೆ ದಾಟುವಾಗ ಆಯಿ ಎಂದಿನಂತೆ ನದಿಗೆ ಕೈ ಮುಗಿದಳು. ಜಿಲ್ಲಾ ಕಚೇರಿಯಲ್ಲಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಕಳಿಸಿದರು. ಊಟದ ಹೊತ್ತು ಕಳೆದ ಮೇಲೆ ಒಬ್ಬ ಅಧಿಕಾರಿ ನಕ್ಷೆ, ಠರಾವು, ನನ್ನ ವಿರೋಧ ಬರೆದ ಪುಟ, ಮೂರನ್ನೂ ಇಟ್ಟುಕೊಂಡು ಓದಿ, ಪರಿಶೀಲನೆಗೆ ಬರುತ್ತೇವೆ ಎಂದರು.

ಅವರು ಬರುವ ಮೊದಲೇ ಗರಗಸದವರು ಬಂದರು. ಕರೆಂಟಿನ ತಂತಿಗೆ ಅಡ್ಡ ಬರುತ್ತವೆ ಎಂದು ನೆಪ ಮಾಡಿಕೊಂಡು ಬೆಳಗು ಹರಿಯುವ ಹೊತ್ತಿಗೇ ಶುರು ಮಾಡಿದ್ದರು. ನಾವು ಓಡುವಷ್ಟರಲ್ಲಿ ನಾಲ್ಕು ಮರ ನೆಲಕ್ಕೆ ಬಿದ್ದಿದ್ದವು. ರೊಟ್ಟಿಯ ಐವರು, ಆಯಿಯ ಕಡೆಯವರು ಆರು ಮಂದಿ, ನಾನು. ಉಳಿದ ಏಳು ಮರಗಳ ಬುಡಕ್ಕೆ ಹಂಚಿಕೊಂಡು ಕೂತೆವು. ಬೇಡಿಕೊಂಡರು, ಹೆದರಿಸಿದರು. ಪೊಲೀಸರೂ ಬಂದರು. ಅರಣ್ಯ ಇಲಾಖೆಯ ಅಪ್ಪಣೆ ಪತ್ರ ತೋರಿಸಿದರೆ ಏಳುತ್ತೇನೆ ಎಂದೆ. ಪತ್ರ ಇದ್ದರೆ ತಾನೆ ತೋರಿಸಲು? ಮಧ್ಯಾಹ್ನ ಗರಗಸದವರು ಟೆಂಪೋ ಹತ್ತಿ ಹೋದರು. ಬಿದ್ದ ನಾಲ್ಕು ಮರಗಳ ಎಲೆಗಳು ಮೂರು ದಿನ ಹಸಿರಾಗಿಯೇ ಇದ್ದವು. ಅದನ್ನು ನೋಡುವುದು ಕಷ್ಟವಾಗಿತ್ತು.

ಎರಡು ತಿಂಗಳ ಮೇಲೆ ಜಿಲ್ಲೆಯಿಂದ ಆದೇಶ ಬಂತು: ಉದ್ಯಾನದ ಜಾಗದಲ್ಲಿ ಮಳಿಗೆ ಕಟ್ಟಕೂಡದು, ಠರಾವು ತಡೆಹಿಡಿಯಲಾಗಿದೆ, ಬಾಡಿಗೆ ಬಾಕಿ ವಸೂಲಿ ಮಾಡಬೇಕು. ಎಲ್ಲ ಬಾಕಿ ಬರಲಿಲ್ಲ. ಬಂದಷ್ಟರಲ್ಲಿ ಗುಡಿಸುವವರ ಎರಡು ತಿಂಗಳ ಪಗಾರ ಆಯಿತು.

ಆ ಸಭೆಯ ದಿನದಿಂದ ಗಂಡ ಹನ್ನೆರಡು ದಿನ ತಮ್ಮ ತಂಗಿಯ ಮನೆಯಲ್ಲಿ ಉಂಡಿದ್ದರು. ಊರಿನಲ್ಲಿ ಅವರಿಗೆ "ಹೊರಗಿನ ಮೆಂಬರ್" ಎಂಬ ಅಡ್ಡಹೆಸರು ಬಿದ್ದಿತ್ತು. ಅದಕ್ಕೆ ನಾನೇ ಕಾರಣ, ಅಲ್ಲವೆನ್ನುವುದಿಲ್ಲ. ಹದಿಮೂರನೆಯ ದಿನ ಬಂದು ಕಟ್ಟೆಯ ಮೇಲೆ ಕೂತರು. "ನಾಕ್ ಮಂದ್ಯಾಗ ನನ್ನ ಎಬ್ಬಿಸಿ ಕಳಿಸಿದಿ" ಎಂದರು.

"ನಾಕ್ ಮಂದ್ಯಾಗ ನೀವು ನನ್ನ ಸೆರಗ ಜಗ್ಗಿದ್ರಿ" ಎಂದೆ.

ಅವರು ಕೈಕಾಲು ತೊಳೆಯಲು ನೀರು ಕೇಳಿದರು. ಕ್ಷಮೆ ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಸಭೆಗೆ ಮಾತ್ರ ಮತ್ತೆಂದೂ ಬರಲಿಲ್ಲ. ಉಳಿದ ಆರು ಕುರ್ಚಿಗಳಲ್ಲಿ ಎರಡು ಆ ವರ್ಷವೇ ಖಾಲಿಯಾದವು.

ನನ್ನ ಅವಧಿ ಮುಗಿಯಿತು. ಯಾವ ಪಕ್ಷವೂ ನನಗೆ ಟಿಕೆಟ್ ಕೊಡಲಿಲ್ಲ, ನಾನು ಕೇಳಲು ಹೋಗಲೂ ಇಲ್ಲ. ಕಳೆದ ತಿಂಗಳು ಪುರಸಭೆಯ ಹಲಗೆಯ ಮೇಲೆ ಹೊಸ ನೋಟಿಸು ಅಂಟಿಸಿದ್ದಾರೆ. ಅದೇ ಜಾಗದಲ್ಲಿ ವಾಹನ ನಿಲ್ಲಿಸಲು ಕಟ್ಟೆ ಹಾಕುತ್ತಾರಂತೆ, ಆಕ್ಷೇಪಣೆ ಇದ್ದವರು ಬರೆದು ಕೊಡಬೇಕಂತೆ. ಈ ಸಲ ಏಳು ಮರ ಎಂದು ಸ್ಪಷ್ಟವಾಗಿಯೇ ಬರೆದಿದ್ದಾರೆ. ಅಷ್ಟಾದರೂ ಕಲಿತಿದ್ದಾರೆ.

ಓಣಿಯ ನಲವತ್ತು ಸಹಿ, ಆಯಿಯ ಹೆಬ್ಬಟ್ಟು ಇದ್ದ ಅರ್ಜಿ ಒಯ್ದು ಕೊಟ್ಟೆ. ಕಿಟಕಿಯ ಹಿಂದೆ ಕೂತಿದ್ದ ಗುಮಾಸ್ತ ಹೊಸಬ. ಹಾಳೆ ತಿರುವಿ ಹಾಕಿ, "ನೀವ್ಯಾರ್ರಿ? ಮೆಂಬರೇನ್ರಿ?" ಎಂದ.

"ಅಲ್ರಿ. ಆ ಓಣ್ಯಾಕಿ" ಎಂದೆ. "ತಗೊಂಡದ್ದಕ್ಕ ಸೈ ಮಾಡಿ ಕೊಡ್ರಿ. ಆದ್ರ ಮೊದಲ ಪೂರಾ ಓದ್ರಿ, ನಾ ಇಲ್ಲೇ ನಿಂದ್ರತೀನಿ."